ನೂರಾ ಇಪ್ಪತ್ತು, ಎಂಬತ್ತು

ಮುಂಜಾನೆ ಐದೂವರಿ. ವಿಜಯಪುರದ ದೊಡ್ಡ ದವಾಖಾನಿ.
ಹೆಣ್ಣುಮಕ್ಕಳ ವಾರ್ಡಿನ್ಯಾಗ ಟ್ಯೂಬ್‌ಲೈಟು
ಎರಡು ಸಲ ಕಣ್ಣು ಮಿಟುಕಿಸಿ ಹತ್ತತೈತಿ.
ಮೂವತ್ತೆರಡು ಮಂಚ, ನೆಲದ ಮ್ಯಾಲ ಇನ್ನ ಏಳು ಮಂದಿ.
ಎಂಟಕ್ಕ ಹಳ್ಳೂರ ಸರ್ ರೌಂಡ್ಸು.

ನಿನಗ ಕಲಿಸಿದವ್ರು ಯಾರು ಅಂತ ಕೇಳಿದ್ರ
ಪುಸ್ತಕದ ಹೆಸರು ಹೇಳಲಾರೆ.
ಕೆಂಪು ಸ್ವೆಟರಿನ ಪಿ.ಜಿ. ಅಕ್ಕ, ಮೂರು ರಾತ್ರಿ ಮಲಗದಾಕಿ,
ಗ್ವಾಡಿಗೆ ತಲಿ ಆನಿಸಿ, ಕಣ್ಣು ಮುಚ್ಚಿಕೊಂಡ ಹೇಳಿದ್ಲು:
"ಎಲ್ಲಾರದೂ ನೂರಾ ಇಪ್ಪತ್ತು, ಎಂಬತ್ತು ಬರಿ.
ನಡುವ ಒಬ್ರದು ನೂರಾ ಮೂವತ್ತು ಹಾಕು,
ಖರೇ ಅನಸ್ತೈತಿ."

ಅಷ್ಟ.
ಆ ಪಾಠಕ್ಕ ಪರೀಕ್ಷೆ ಇಲ್ಲ, ಎಲ್ಲಾರೂ ಪಾಸು.

ಹಂಗ ಕಲಿತೆ ಒಂದೊಂದ:
ಸರ್ ಜೋಕು ಮುಗಿಯೂಕಿಂತ ತುಸು ಮೊದಲ ನಗೋದು,
'ಗೊತ್ತಿಲ್ರಿ' ಅನ್ನೋ ಮಾತು ಏಪ್ರನ್ನಿನ ಕಿಸೆದಾಗ ಮಡಚಿಡೋದು,
ಗುಳೇದಗುಡ್ಡದ ಮಗ್ಗದ ಓಣಿಯ ನನ್ನ ಭಾಷಾನ
ಹಾಸ್ಟೆಲಿನ ಟ್ರಂಕಿನ್ಯಾಗ ಒತ್ತಿ ಕೀಲಿ ಹಾಕೋದು,
'ಜೀವ ಕಲಮಲ ಅಂತೈತ್ರಿ' ಅಂದಾಕಿಯ ಮಾರಿ ನೋಡದ
ಆ ಕಲಮಲಕ್ಕ ಒಂದು ಇಂಗ್ಲಿಷ್ ಹೆಸರು ಹುಡುಕೋದು.
ನಳ ಬಿಟ್ಟು ಬಚ್ಚಲದಾಗ ಅಳೋದನ್ನ ಮಾತ್ರ ಯಾರೂ ಹೇಳಿಕೊಡಲಿಲ್ಲ.
ಬಾಗಲದ ಚಿಲಕ ಸವದದ್ದು ನೋಡಿ
ನನಗಿಂತ ಮುಂಚೆ ಎಷ್ಟು ಮಂದಿ ಅಂತ ತಿಳೀತು.

ಹದಿನಾಲ್ಕನೇ ಮಂಚದಾಕಿ ಮಾಬೂಬಿ,
ಗುಮ್ಮಟದ ಗೇಟಿನ್ಯಾಗ ಪೇರಲಹಣ್ಣು ಮಾರಾಕಿ.
ನನ್ನ ಪೆನ್ನಿನ ಬೆನ್ನ ಹತ್ತಿ ಅಕಿ ಕಣ್ಣು.
"ಪಟ್ಟಿ ಸುತ್ತಲಿಲ್ಲ, ಗಾಳಿ ಹಾಕಲಿಲ್ಲ.
ಹೆಂಗ ಬರದಿ ಬೇ?"
"ಸುಮ್ನ ಮಲಕೊ ಅಜ್ಜಿ, ರೌಂಡ್ಸ್ ಐತಿ."
"ತಕ್ಕಡಿ ಹಿಡಿಯೋ ಕೈ ಇದು. ತೂಗದ ಲೆಕ್ಕ ಹೇಳಿದಾಕಿ ಅಲ್ಲ ನಾ."
ಆಮ್ಯಾಲ, ಅತ್ತ ಹೊಳ್ಳಿ ಮಲಕೋತ,
"ನಮ್ಮ ಗುಮ್ಮಟದಾಗ ಒಬ್ಬಾಂವ ಸುಳ್ಳ ಪಿಸುಗುಟ್ಟಿದ್ರ
ಏಳ ಸಲ ಕೇಳತೈತಿ. ನೋಡೀಯಿಲ್ಲೊ?"

ನಾ ನಕ್ಕೆ. ಮುಂದಿನ ಮಂಚಕ್ಕ ಹೋದೆ.

ಅಕಿ ಸಾಯಲಿಲ್ಲ.
ಸತ್ತಿದ್ರ ಈ ಕವಿತೆ ಸಲೀಸಾಗತಿತ್ತು.
ಗುರುವಾರ ಚೀಟಿ ಬರಿಸಿಕೊಂಡು, ಮೊಮ್ಮಗನ ಟಂಟಂದಾಗ ಕುಂತು
ಕೈಚೀಲದಾಗಿನ ಚಪ್ಪಲಿ ಹುಡುಕೋತ ಹೋದ್ಲು.
ಏನೂ ಆಗಲಿಲ್ಲ.
ಏನೂ ಆಗಂಗಿಲ್ಲ ಅನ್ನೋದ ಎಲ್ಲಕ್ಕಿಂತ ಗಟ್ಟಿ ಪಾಠ.

ಈ ವರ್ಷ ಸ್ವೆಟರು ನಂದು. ಬಣ್ಣ ಬ್ಯಾರೆ.
ಸಿಂದಗಿ ಕಡಿ ಹುಡುಗ ಅಮೋಗಸಿದ್ದ, ಇಸ್ತ್ರಿ ಮುರಿಯದ ಏಪ್ರನ್ನು,
"ಅಕ್ಕಾರ, ಎರಡ ಕಫ್ ಅದಾವ, ಒಂದು ಸೋರತೈತ್ರಿ,
ಎಲ್ಲಾರದೂ ನೋಡಾಕ ಎರಡೂವರಿ ತಾಸು ಬೇಕು. ಏನ್ ಮಾಡ್ಲಿ?"

ನನ್ನ ಬಾಯಿ ತನ್ನಷ್ಟಕ್ಕ ತಾನ ತೆರೀತು.
"ಎಲ್ಲಾರದೂ ನೂರಾ ಇಪ್ಪ..."
ಹುಡುಗ ಆಗಲೇ ಪೆನ್ನಿನ ಟೋಪಿ ತಗದಿದ್ದ.

ಎಣಿಸಿದೆ.
ಇದು ಎಷ್ಟನೇ ದನಿ? ಮೂರನೇದೋ? ಏಳನೇದೋ?
ಎಂಟನೇದು ಗುಮ್ಮಟದಾಗೂ ಇಲ್ಲ.

ಸೋರೋ ಕಫ್ ನಾ ತಗೊಂಡೆ, ಚಲೋದು ಅವಗ ಕೊಟ್ಟೆ.
ಮೊದಲನೇ ಮಂಚ. ಅಕಿ ನಿದ್ದಿಗಣ್ಣಾಗ ಕೈ ಚಾಚಿದ್ಲು.
ಗಾಳಿ ಹಾಕಿದೆ. ಸೋರಿತು. ಮತ್ತ ಹಾಕಿದೆ.
ಐದೂ ಐವತ್ತು.
ಇನ್ನ ಮೂವತ್ತೆಂಟು ಮಂದಿ.
ಎಂಟರೊಳಗ ಮುಗಿಯಂಗಿಲ್ಲ.