ಗೀಟು

ಬೆಳಿಗ್ಗೆ ಏಳಕ್ಕೆ ಹಾರಂಗಿಯ ಮೀನುಮರಿ ಕೇಂದ್ರದಲ್ಲಿ
ಚೋಂದಮ್ಮ ಮೇಡಂ ಒಂದೊಂದೇ ರೋಹುವನ್ನು
ಒದ್ದೆ ಬಟ್ಟೆಯಲ್ಲಿ ಅವುಚಿ ಹಿಡಿದು
ಬಾಲದಂಚಿನಿಂದ ಮೆಂತ್ಯೆಕಾಳಿನಷ್ಟು ಕತ್ತರಿಸಿ
ಸ್ಪಿರಿಟ್ಟಿನ ಸೀಸೆಗೆ ಹಾಕುತ್ತಾರೆ.
ಮೀನು ಮತ್ತೆ ನೀರಿಗೆ.
ಸೀಸೆ ನನ್ನ ಐಸ್ ಪೆಟ್ಟಿಗೆಗೆ.
ಅದರ ಮೇಲೆ ಹೆಸರಿಲ್ಲ, ನಂಬರು ಮಾತ್ರ.

ನಾನು ಸೈದಲವಿ. ಪಿಕಪ್ ಓಡಿಸುತ್ತೇನೆ.
ಹಿಂದೆ ಹಸಿರು ಡ್ರಮ್ಮಿನಲ್ಲಿ ಮರಿಗಳು,
ತೋಟದ ಕೆರೆಗಳಿಗೆ.
ಪಕ್ಕದ ಸೀಟಿನಲ್ಲಿ ಬಾಲದ ಚೂರು,
ಮಡಿಕೇರಿಯ ಕೊರಿಯರಿಗೆ.
ಮೀನಿನ ಜಾತಕ ಅಂದೆ ಒಮ್ಮೆ. ಮೇಡಂ ಒಪ್ಪಲಿಲ್ಲ.
ಜಾತಕ ಊಹೆ ಕಣಯ್ಯಾ, ಇದು ಓದು ಅಂದರು.
ಅಪ್ಪ ಯಾವುದು, ಅವ್ವ ಯಾವುದು,
ಕೆರೆಗೆ ಕೆಂಪು ಹುಣ್ಣು ಬಿದ್ದ ವರ್ಷ
ಯಾವುದು ತಡೆದೀತು, ಯಾವುದು
ಹೊಟ್ಟೆ ಮೇಲಾಗಿ ತೇಲೀತು,
ಎಲ್ಲ ಆ ಕಾಳಿನೊಳಗೆ.
ಕೋಟಿಗಟ್ಟಲೆ ಅಕ್ಷರ.
ಒಂದು ಆಚೀಚೆ ಆದರೂ ಸಾಕಂತೆ.

ಗುಡ್ಡೆಹೊಸೂರು ದಾಟಿದರೆ ಆನೆಕಾಡು.
ಅಲ್ಲಿ ಆನೆ ಕಂಡರೆ ಜನ ಗಾಡಿ ನಿಲ್ಲಿಸಿ ಫೋನ್ ಎತ್ತುತ್ತಾರೆ,
ಆನೆ ಕಾಣದಿದ್ದರೆ ನಿಲ್ಲಿಸದೆ ಎತ್ತುತ್ತಾರೆ.
ನಾನೇನು ಬೇರೆಯವನಲ್ಲ.
ಪಳಂಗಪ್ಪನವರ ಮೆಸೇಜು ಟಿಣ್ ಅಂದಿತು:
ಎಲ್ಲಿದ್ದೀ?
ಹೆಬ್ಬೆರಳಲ್ಲೇ ಒತ್ತಿದೆ. ಬಂ
ಅಷ್ಟರಲ್ಲಿ ಕಣ್ಣೆತ್ತಿದರೆ
ಬಸ್ಸಿನ ಮೂತಿ, ನನ್ನ ಬಲಗನ್ನಡಿ ಮುಟ್ಟುವಷ್ಟು.
ಸ್ಟೇರಿಂಗ್ ಎಳೆದೆ. ಡ್ರಮ್ಮಿನ ನೀರು
ಬೆನ್ನ ಹಿಂದೆ ಧಡಾರನೆ ಗೋಡೆಗೆ ಬಡಿದು
ಮರಳಿತು.
ಎಂಟುನೂರು ಮರಿ, ಒಂದಕ್ಕೂ ರೆಪ್ಪೆಯಿಲ್ಲ;
ನಾನು ನೋಡದ್ದನ್ನು ಅವು ನೋಡಿದವೋ ಏನೋ.

ಕೈ ನಡುಗುತ್ತಲೇ ಇತ್ತು. ಆದರೂ
ಸುಂಟಿಕೊಪ್ಪ ಬರುವ ಹೊತ್ತಿಗೆ
ಉಳಿದ ಅಕ್ಷರ ಒತ್ತಿ ಮುಗಿಸಿದ್ದೆ. ದೆ.

ವೃತ್ತದಲ್ಲಿ ಕಾಲೇಜಿನ ಮಕ್ಕಳು, ಕೊಡೆ, ರಟ್ಟಿನ ಹಲಗೆ.
ಏನೋ ಸರ್ವೆ ಅಂದುಕೊಂಡೆ. ತಲೆ ಪೂರ್ತಿ ಎತ್ತಲಿಲ್ಲ.

ರಾತ್ರಿ ಊಟದ ಮೇಜಿನ ಮೇಲೆ
ಮಗಳು ಸಫ್ವಾನಳ ಹಾಳೆ:
ಫೋನ್ ಹಿಡಿದು ಓಡಿಸುವವರು,
ಒಂಬತ್ತೂವರೆಯಿಂದ ಹತ್ತರವರೆಗೆ.
ಜೀಪು, ಕಾರು, ಬೈಕು, ಲಾರಿ.
ನೂರಕ್ಕೆ ಇಪ್ಪತ್ತೇಳು ಅಂತ ಕೆಳಗೆ ಕೂಡಿಸಿ ಬರೆದಿದ್ದಾಳೆ.
ಹೆಸರಿನ ಕಾಲಂ ಇಲ್ಲ.
ಪಿಕಪ್ಪಿನ ಸಾಲಿನಲ್ಲಿ ನಾಲ್ಕು ನೆಟ್ಟಗಿನ ಗೀಟು,
ಐದನೆಯದು ಅಡ್ಡಗೀಟು,
ಕಾಗದ ಹರಿಯುವಷ್ಟು ಒತ್ತಿ ಎಳೆದದ್ದು.

ಅವಳು ಏನೂ ಹೇಳಲಿಲ್ಲ.
ಮೀನುಸಾರಿನಲ್ಲಿ ತಲೆಯ ಭಾಗ
ಎಂದಿನಂತೆ ನನಗೇ ಬಡಿಸಿದಳು.
ಬೆಂದ ಬಿಳಿಗಣ್ಣು ತಟ್ಟೆಯಿಂದ ನೋಡುತ್ತಿತ್ತು.
ಅದನ್ನು ಅನ್ನದಡಿ ಮುಚ್ಚಿ ಉಂಡೆ.

ಮರುದಿನ ಮೇಡಂನ ಕೇಳಿದೆ:
ಈ ಫೋನಿನ ಚಟಕ್ಕೂ ಒಂದು ಅಕ್ಷರ ಇರುತ್ತಾ,
ಅಪ್ಪನಿಂದ ಮಗಳಿಗೆ ಇಳಿಯುವಂಥದ್ದು?
ಅವರು ಕತ್ತರಿ ಒರೆಸುತ್ತ ನಕ್ಕರು.
ಅದಕ್ಕೆ ಲ್ಯಾಬ್ ಯಾಕೆ ಸೈದಲವಿ,
ಒಂದು ಮುಚ್ಚಳ ಸಾಕಲ್ಲ.

ಇವತ್ತು ಸುಂಟಿಕೊಪ್ಪದಲ್ಲಿ ಯಾರೂ ನಿಂತಿರಲಿಲ್ಲ.
ಕಾಫಿ ಹೂವಿನ ವಾಸನೆ, ಎರಡು ನಾಯಿ,
ಕೋಳಿ ಅಂಗಡಿಯ ತಕ್ಕಡಿ.
ಐಸ್ ಪೆಟ್ಟಿಗೆಯೊಳಗೆ ಫೋನು
ಬಡಕೊಳ್ಳುತ್ತಿತ್ತು, ಪಳಂಗಪ್ಪನವರೇ ಇರಬೇಕು.
ಸೀಸೆಗೆ ಸೀಸೆ ತಾಗಿ ಕಿಣಿಕಿಣಿ;
ನೂರಾ ಹದಿನಾಲ್ಕು ಬಾಲದ ಚೂರುಗಳು
ಮಾದಾಪುರದ ತಿರುವಿನವರೆಗೂ
ಈಜುತ್ತಲೇ ಬಂದವು.