ಅಂದು ಎಲ್ಲರೂ ಮಡಗಾಂವಕ್ಕೆ ಹೋಗಿದ್ದರು

ಬೈತಕೋಲದಲ್ಲಿ ಯಾರನ್ನೇ ಕೇಳಿ,
ಬಂಗಡೆ ದಡದ ಮೇಲೆ ಕೊಳೆತು
ತೆಂಗಿನ ಬುಡಕ್ಕೆ ಗೊಬ್ಬರವಾದ ವರ್ಷ
ನೆನಪಿದೆ, ಬುಟ್ಟಿಯ ದರದ ಸಮೇತ.

ಅದೇ ವರ್ಷವಲ್ಲವೇ ಶೇವಂತಿಯನ್ನು...
ಯಾವ ಶೇವಂತಿ?
ಐಸ್ ಫ್ಯಾಕ್ಟರಿಯ ಕಂಬ, ಸೊಸೈಟಿಯ ದುಡ್ಡು, ಕೂದಲು...
ಛೆ, ನಾನಂದು ಮಡಗಾಂವಕ್ಕೆ ಹೋಗಿದ್ದೆ.

ತಾಂಡೇಲರೂ ಹೋಗಿದ್ದರು. ಶಾಲೆಯ ಮಾಸ್ತರರೂ.
ಕಂಬಕ್ಕೆ ಬಿಗಿದದ್ದು ಬಲೆಯ ಗಂಟೇ ಆದರೂ
ಬಲೆ ಹೆಣೆಯುವವರೆಲ್ಲ ಹೋಗಿದ್ದರು.
ಕಾಳಿಗಿನ್ನೂ ಸೇತುವೆಯಿರಲಿಲ್ಲ;
ಇಡೀ ಊರನ್ನು ಹೊತ್ತ ಆ ಲಾಂಚು
ಅದು ಹೇಗೆ ಮುಳುಗಲಿಲ್ಲವೋ.

ದುಡ್ಡು ಚೌತಿ ಕಳೆದ ಮೇಲೆ ಸಿಕ್ಕಿತು,
ಲೆಕ್ಕದ ಪುಸ್ತಕದಲ್ಲೇ.
ಎಂಟೂ ಏಳೂ ಹದಿನೈದು, ಕೈಯಲ್ಲಿ ಒಂದು.
ಆ ಒಂದನ್ನು ಕೂಡಿಸಿರಲಿಲ್ಲ.
ಯಾರೂ ಬಾಯಿಬಿಡಲಿಲ್ಲ. ಅವಳ ಮನೆಯಿದ್ದಲ್ಲಿ
ಈಗ ಡೀಸೆಲ್ ಬಂಕು.

ಮಡಗಾಂವ ಅಂದು ಅಂದು
ನನಗೂ ರೂಢಿಯಾಗಿದೆ.
ನಿನ್ನೆ ಮೊಮ್ಮಗಳು ಕತ್ತರಿ ಹಿಡಿದು ಓಡಿದಾಗ
ನನ್ನ ಬಾಯಿಗೆ ಬಂದ ಮಾತು ನನ್ನದಲ್ಲ;
ಪೆಡ್ನೇಕರ ಟೇಲರ ಅಂಗಡಿಯ ಮೆಟ್ಟಿಲ ಮೇಲೆ
ಒಂಬತ್ತರ ಹುಡುಗನಿಗೆ ಯಾರೋ
ಅಕ್ಕರೆಯಿಂದ ಹೇಳಿದ್ದು:
ತುದಿ ಕೆಳಗೆ ಮಾಡಿ ಹಿಡಿ, ಮಗಾ.
ಅವಸರ ಬೇಡ,
ಅವಳು ಎಲ್ಲಿಗೂ ಹೋಗುವುದಿಲ್ಲ.