ಎಡಸುತ್ತು

ಕ್ಯಾಂಪಿನ ಬಂಗಲೆದ ಹಿಂದ, ಹುಣಸಿ ಗಿಡದ ಬುಡಕ
ಅದರ ಸೀಟಿನ ಮ್ಯಾಲ ಕೋಳಿ ಮೊಟ್ಟಿ ಇಡತಿದ್ದುವು.
ಫರ್ನಾಂಡಿಸ್ ಬಾಯಿ ಕಿಲೋ ಲೆಕ್ಕಕ್ಕ ಕೊಟ್ಟಳು,
ಕೋಳಿ ಬಿಟ್ಟು.
ನಲವತ್ತೆಂಟನೇ ಇಸವಿ ಡಾಜ್.
ಟ್ರ್ಯಾಕ್ಟರಿನ ಟ್ರೇಲಿಯಿಂದ ಖಾಸಬಾಗದ ನಮ್ಮ ಓಣ್ಯಾಗ ಇಳಿದಾಗ
ಮಗ್ಗದ ಮಂದಿ ಲಾಳಿ ಕೈಯಾಗ ಹಿಡಕೊಂಡ ಹೊರಗ ಬಂದು
"ಭರಮಣ್ಣಾ, ಮಣ್ಣು ಎಷ್ಟೊತ್ತಿಗೆ?" ಅಂತ ಕೇಳಿದರು.

ಉದ್ಯಮಬಾಗದಾಗ ಮೂವತ್ತೊಂದು ವರ್ಷ
ಕ್ರ್ಯಾಂಕ್ ತಿರುವಿದ ಮನಷ್ಯಾರು.
ಫ್ಯಾಕ್ಟರಿ ಮುಚ್ಚಿದಾಗ ಬರಬೇಕಾದ ರೊಕ್ಕದಾಗ ಅರ್ಧ
ಅವರ ಲೇಥ್ ಆಗೇ ಮನಿಗೆ ಬಂತು.
ಕುಣಿಮಗ್ಗದ ಹಳೇ ಕುಣಿ ಮುಚ್ಚಿ, ಕಾಂಕ್ರೀಟ್ ಸುರಿದು
ಅದರ ಮ್ಯಾಲ ಕೂಡಿಸಿದಿವಿ.

ಸೂತ ಅಂದರ ಓಣಿಗೆಲ್ಲ ನೂಲು.
ಅವರಿಗೆ ಇಂಚಿನ ಎಂಟನೇ ಪಾಲು.
ಕಣ್ಣಿಗೆ ಪೊರಿ ಬಂದ ಮ್ಯಾಲ
ಮೈಕ್ರೋಮೀಟರ್ ಓದಾಕಿ ನಾನ.
ಮೊದಲ ದಿನ ನನ್ನ ತಲಿಗೂದಲ ಹಿಡದು ಕಲಿಸಿದರು:
ಕರೇದು ಏಳು ಪಾಯಿಂಟು, ಬೆಳ್ಳಂದು ಎಂಟು.
"ವಯಸ್ಸಿಗೆ ದಪ್ಪ ಆಗೇತಿ ನೋಡ" ಅಂದರು.
ಆ ಸಿಟ್ಟಿಗೆ ಎರಡು ದಿನ ಬೇಕಂತ ತಪ್ಪ ಓದಿದೆ.
ಒಂದು ಪಿನ್ನು ಸಡಲಾತು.
ಇನ್ನೂ ಐತಿ, ಕಿಡಕಿ ಪರದೆ ಅದಕ್ಕ ಜೋತು ಬಿದ್ದೈತಿ.

ಬಲಗಡೆ ಗಾಲಿ ಒಂದು ತಾಸಿನಾಗ ಬಿಚ್ಚಿದುವು.
ಎಡಗಡೆದ್ದು ಮೂರು ದಿನ.
ಸೀಮಿಎಣ್ಣಿ, ಆಮ್ಯಾಲ ಬೆಂಕಿ,
ಆಮ್ಯಾಲ ಪಾನಾಕ್ಕ ನಾಕು ಫೂಟಿನ ಪೈಪು,
ಪೈಪಿನ ತುದಿಗೆ ನಮ್ಮವರು,
ಅವರ ಬೆನ್ನಿಗೆ ಮಗ್ಗದ ವಿಠೋಬಾ.
ಟಣ್!
ಬೋಲ್ಟಿನ ತಲಿ ಮುರದು ವಿಠೋಬಾನ ಧೋತ್ರದಾಗ ಬಿತ್ತು.

ಸಂಜಿಕ ಆ ತಲಿ ಹಲ್ಲುಜ್ಜೋ ಬ್ರಶ್‌ಲೆ ತಿಕ್ಕಿದೆ.
ತುಕ್ಕಿನ ತಳದಾಗ ಇಂಗ್ಲಿಷ್ ಅಕ್ಷರ, ಎಲ್.
"ಎಲ್ ಅಂದರ ಏನ್ರಿ?"
ಚಾದ ಕಪ್ಪು ಕೆಳಗಿಟ್ಟರು,
ಭಾಳ ಹೊತ್ತು ಇಟ್ಟ ಕೈ ತಗೀಲಿಲ್ಲ.
"ಎಡಸುತ್ತು" ಅಂದರು.
"ಬಿಚ್ಚಾಕ ಅಂತ ಮೂರು ದಿನ ಬಿಗದೀವಿ."

ನಾ ಎಡಚಿ.
ಮದಿವಿಯಾದ ಹೊಸದಾಗಿ ಎಡಗೈಲೆ ಅನ್ನ ನೀಡಿದ್ದಕ್ಕ
ಅತ್ತಿ ತಾಟ ಬಿಟ್ಟ ಎದ್ದಿದ್ದರು.
ಬಲಗೈ ಕಲಿಯಾಕ ವರ್ಷ ಹಿಡೀತು.
ಈಗೂ ಒಬ್ಬಾಕೇ ಇದ್ದಾಗ
ಈಳಿಗಿ ಮುಂದ ಎಡಗೈ ತಾನ ಮುಂದ ಬರತೈತಿ.
ಮರುದಿನ ಪಾನಾ ನಾನ ಹಿಡದೆ.
ಉಳಿದ ನಾಕರಾಗ ಮೂರು ಕಿರ್ ಅಂತ ಅತ್ತು, ಬಂದುವು.
ನಾಕನೇದ್ದು ನನ್ನ ಮಾತೂ ಕೇಳಲಿಲ್ಲ.

ಎಡಸುತ್ತು ಹೊಡೀಬೇಕಂದರ
ಟೂಲು ಚಕ್ಕಿನ ಕಡಿಂದ ಹೊರಮುಖಾ ನಡೀಬೇಕು.
"ಜನ್ಮದಾಗ ಎರಡ ಸಲ ಮಾಡೇನಿ" ಅಂದರು.
ಕೈ ನಡಗತಿತ್ತು. ನಾ ನೋಡದಂಗ ನಿಂತೆ.
ನೀಲಿ ಸುರುಳಿ ಕಾಲಬೆರಳ ಮ್ಯಾಲ ಬಿದ್ದು ಚುರ್ ಅಂದರೂ
ಹಿಂದ ಸರೀಲಿಲ್ಲ.
"ಹೇಳ."
"ಹನ್ನೆರಡು ಎಪ್ಪತ್ತು."
"ಇನ್ನೊಮ್ಮಿ ಓದ."
ಅದನ್ನ ಓದಿದೆ. ಈ ಸಲ ಸಿಟ್ಟು ಇದ್ದಿದ್ದಿಲ್ಲ.

ಶ್ರಾವಣದ ಒಂದು ಮಂಗಳವಾರ ಇಂಜಿನ್ನು ಹತ್ತಿತು.
ಯಾರಿಗೂ ಕೇಳಲಿಲ್ಲ,
ಓಣಿ ತುಂಬ ಪವರ್‌ಲೂಮಿನ ಖಟಾಖಟಿ.
ಆಮ್ಯಾಲ ಕರೆಂಟ್ ಹೋತು.
ಒಂದೊಂದ ಮಗ್ಗ ಉಸಿರ ಬಿಟ್ಟು ನಿಂತುವು,
ಉಳಿದದ್ದು ನಮ್ಮ ಹಿತ್ತಲದ ಸದ್ದೊಂದ:
ಆರು ಸಿಲಿಂಡರಿನಾಗ ಒಂದು ತಪ್ಪಿ ತಪ್ಪಿ ಬಡೀತಿತ್ತು.
ಮಣ್ಣು ಕೇಳಿದವರು ಗ್ವಾಡಿ ಮ್ಯಾಲಿಂದ ಇಣುಕಿದರು.
ಯಾರೂ ಏನೂ ಅನಲಿಲ್ಲ.

ಬಾಗಲ ಇಲ್ಲ, ಟಾಪು ಇಲ್ಲ, ಇಟ್ಟಂಗಿ ಮ್ಯಾಲ ಕುಂತ ಗಾಡಿ,
ಅದರಾಗ ನಾನು.
ಸೀಟಿನ ಸ್ಪ್ರಿಂಗಿನ ಸಂದ್ಯಾಗ ಸಿಕ್ಕ ಕೋಳಿಪುಕ್ಕ
ಇಂಜಿನ್ನಿನ ಲಯಕ್ಕ ನಡಗತಿತ್ತು.
ಬಾನೆಟ್ಟಿನ ಆಚೆಯಿಂದ ಕೇಳಿದರು:
"ಆಯಿಲ್ ಎಷ್ಟ ತೋರಸತೈತಿ?"
ಮೀಟರಿನ ಗಾಜಿನಾಗ ಮುಳ್ಳೇ ಇರಲಿಲ್ಲ.
"ಬರೋಬರಿ ಐತ್ರಿ" ಅಂದೆ.